ನೆರವಿನ ನಕ್ಷೆ ಮತ್ತು ದೋಷಮಿತಿ: ಒಂದು ವಿಮರ್ಶೆ

ಯುದ್ಧ ನಿಂತ ಪ್ರದೇಶಕ್ಕೆ ಆಹಾರ, ಔಷಧ, ಗುಡಾರದ ಬಟ್ಟೆ ಮತ್ತು ಕುಡಿಯುವ ನೀರನ್ನು ತಲುಪಿಸುವುದು ಮೂಲತಃ ಸಾಗಣೆಯ ಸಮಸ್ಯೆ. ಸಾಮಗ್ರಿ ಬಂದರಿನಲ್ಲೋ ಗಡಿಯಾಚೆಯ ಗೋದಾಮಿನಲ್ಲೋ ಇರುತ್ತದೆ. ಅದು ಬೇಕಾದವರು ನೂರಾರು ಹಳ್ಳಿಗಳಲ್ಲಿ ಚದುರಿರುತ್ತಾರೆ. ಹಳ್ಳಿ ಎಲ್ಲಿದೆ? ಅಲ್ಲಿ ಈಗ ಎಷ್ಟು ಜನರಿದ್ದಾರೆ? ಯಾವ ರಸ್ತೆ ತೆರೆದಿದೆ? ದಾರಿಯ ಸೇತುವೆ ಎಷ್ಟು ಟನ್ ಭಾರ ತಾಳುತ್ತದೆ? ನೆಲಬಾಂಬುಗಳು ಎಲ್ಲಿ ಹುದುಗಿವೆ? ಲಾರಿ ಹೊರಡುವ ಮೊದಲೇ ಈ ಪ್ರಶ್ನೆಗಳಿಗೆ ಉತ್ತರ ಬೇಕು. ಈ ಉತ್ತರಗಳನ್ನು ಕಲೆಹಾಕಿ ಒಂದೇ ಹಾಳೆಯ ಮೇಲೆ ತೋರಿಸುವ ಸಾಧನವೇ ನೆರವಿನ ನಕ್ಷೆ.

ಕಳೆದ ಕಾಲು ಶತಮಾನದಲ್ಲಿ ಉಪಗ್ರಹ ಚಿತ್ರಗಳು, ಜಿಪಿಎಸ್ ಮತ್ತು ಭೌಗೋಳಿಕ ಮಾಹಿತಿ ವ್ಯವಸ್ಥೆಗಳ ಬಳಕೆಯಿಂದ ಈ ನಕ್ಷೆಗಳು ಬಹಳ ಸುಧಾರಿಸಿವೆ. ಇವುಗಳಿಂದ ಉಳಿದ ಜೀವಗಳು ಅನೇಕ. ಆದರೂ ಪ್ರಯೋಗಾಲಯದಲ್ಲಿ ಅಳತೆಯ ಪಾಠ ಹೇಳುವವರು ಈ ನಕ್ಷೆಗಳನ್ನು ನೋಡಿದರೆ ಒಂದು ಕೊರತೆ ಕಣ್ಣಿಗೆ ಬೀಳುತ್ತದೆ. ನಕ್ಷೆಯ ಮೇಲಿನ ಪ್ರತಿಯೊಂದು ಬಿಂದುವೂ, ಪ್ರತಿಯೊಂದು ಗೆರೆಯೂ ಒಂದು ಅಳತೆ. ತಂತಿಯ ವ್ಯಾಸವನ್ನು ದೋಷಮಿತಿಯಿಲ್ಲದೆ ಬರೆದ ವಿದ್ಯಾರ್ಥಿಯ ಅಂಕವನ್ನು ನಾವು ಕಳೆಯುತ್ತೇವೆ. ಹಳ್ಳಿಯ ಸ್ಥಾನವನ್ನು, ರಸ್ತೆಯ ಸ್ಥಿತಿಯನ್ನು ದೋಷಮಿತಿಯಿಲ್ಲದೆ ಬರೆದ ನಕ್ಷೆಯನ್ನು ಮಾತ್ರ ಮರುಮಾತಿಲ್ಲದೆ ಒಪ್ಪುತ್ತೇವೆ. ಇದು ಸರಿಯೇ ಎಂಬುದನ್ನು ಎರಡು ಮುಖ್ಯ ಉದಾಹರಣೆಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೊಸೊವೊ: ಒಂದು ಒಳ್ಳೆಯ ಆರಂಭ

ಮೊದಲನೆಯದು ಕೊಸೊವೊ. ಆಗ ಯುಗೊಸ್ಲಾವಿಯಾ ಒಕ್ಕೂಟದಲ್ಲಿ ಸರ್ಬಿಯಾಕ್ಕೆ ಸೇರಿದ್ದ ಈ ಪ್ರಾಂತದ ಸಂಘರ್ಷದಲ್ಲಿ ನ್ಯಾಟೋ 1999ರ ಮಾರ್ಚ್ 24ರಿಂದ ಜೂನ್ 10ರವರೆಗೆ ವೈಮಾನಿಕ ದಾಳಿ ನಡೆಸಿತು. ಎಂಟು ಲಕ್ಷಕ್ಕೂ ಹೆಚ್ಚು ಜನ ನೆರೆಯ ಅಲ್ಬೇನಿಯಾ, ಮ್ಯಾಸಿಡೋನಿಯಾ ಮುಂತಾದ ಕಡೆ ಆಶ್ರಯ ಪಡೆದಿದ್ದರು. ದಾಳಿ ನಿಂತ ಕೆಲವೇ ವಾರಗಳಲ್ಲಿ ಅವರಲ್ಲಿ ಬಹುಪಾಲು ಜನ ಯಾರ ಯೋಜನೆಗೂ ಕಾಯದೆ ಮರಳಿ ಬಂದರು. ಹಾನಿಗೊಂಡ ಅಥವಾ ನೆಲಸಮವಾದ ಮನೆಗಳ ಸಂಖ್ಯೆ ಸುಮಾರು 1.2 ಲಕ್ಷ. ಬಾಲ್ಕನ್ ಪರ್ವತಗಳ ಚಳಿಗಾಲ ಕೆಲವೇ ತಿಂಗಳು ದೂರವಿತ್ತು. ಅಷ್ಟರೊಳಗೆ ಪ್ರತಿ ಹಳ್ಳಿಗೂ ಎಷ್ಟು ತೊಲೆ, ಎಷ್ಟು ಪ್ಲಾಸ್ಟಿಕ್ ಹೊದಿಕೆ, ಎಷ್ಟು ಒಲೆ ಬೇಕೆಂದು ಲೆಕ್ಕ ಹಾಕಿ ಸಾಗಿಸಬೇಕಿತ್ತು.

ನೂರಾರು ನೆರವು ಸಂಸ್ಥೆಗಳು ಏಕಕಾಲದಲ್ಲಿ ಅಲ್ಲಿಗೆ ಬಂದವು. ಪ್ರತಿಯೊಂದಕ್ಕೂ ತನ್ನದೇ ಪಟ್ಟಿ, ತನ್ನದೇ ಕಾಗುಣಿತ. ಪ್ರಾಂತದ ಊರುಗಳಿಗೆ ಅಲ್ಬೇನಿಯನ್ ಹೆಸರೊಂದು, ಸರ್ಬಿಯನ್ ಹೆಸರೊಂದು. ಒಬ್ಬರ ಫೆರಿಜಾಯ್ ಇನ್ನೊಬ್ಬರ ಉರೊಶೆವಾಟ್ಸ್. ಒಬ್ಬರ ಪೇಯಾ ಇನ್ನೊಬ್ಬರ ಪೆಚ್. ಎರಡು ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿದರೆ ಒಂದೇ ಊರು ಎರಡಾಗುತ್ತದೆ. ಒಂದಕ್ಕೆ ಎರಡು ಪಾಲು ಹೋಗಿ ಮತ್ತೊಂದಕ್ಕೆ ಏನೂ ಹೋಗದಿರಬಹುದು. ಹೆಸರನ್ನು ಆರಿಸುವುದೇ ಒಂದು ಪಕ್ಷ ವಹಿಸಿದಂತೆ ಕಾಣುವ ಅಪಾಯವೂ ಇತ್ತು.

ಈ ಗೊಂದಲಕ್ಕೆ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಪ್ರಿಸ್ಟಿನಾದಲ್ಲಿ ತೆರೆದ ಮಾನವೀಯ ಮಾಹಿತಿ ಕೇಂದ್ರ ಒಂದು ಸರಳ ಪರಿಹಾರವನ್ನು ಬಳಕೆಗೆ ತಂದಿತು. ಪ್ರತಿ ಊರಿಗೂ ಒಂದು ಸ್ಥಳಸಂಕೇತ, ಅಂದರೆ ಪಿ-ಕೋಡ್. ಹೆಸರು ಯಾವುದೇ ಇರಲಿ, ಸಂಕೇತ ಒಂದೇ. ನಮ್ಮ ಜನಗಣತಿಯಲ್ಲಿ ಪ್ರತಿ ಹಳ್ಳಿಗೂ ಸಂಕೇತ ಸಂಖ್ಯೆ ಕೊಡುವುದನ್ನು ಬಲ್ಲ ಓದುಗರಿಗೆ ಇದು ಹೊಸತೆನಿಸದು. ಆದರೆ ಹತ್ತಾರು ದೇಶಗಳ ಸಂಸ್ಥೆಗಳನ್ನು ಒಂದೇ ಸಂಕೇತ ಬಳಸುವಂತೆ ಒಪ್ಪಿಸಿದ್ದು ದೊಡ್ಡ ಸಾಧನೆ. ನಕ್ಷೆಗಳನ್ನು ಯಾವ ಸಂಸ್ಥೆಯಾದರೂ ಪಡೆಯುವಂತಿತ್ತು. ಈ ಮಾದರಿ ಮುಂದೆ 2003ರಲ್ಲಿ ಇರಾಕ್ ಮತ್ತು ಲೈಬೀರಿಯಾಗಳಿಗೂ ಹೋಯಿತು. ಇಂದಿನ ನೆರವಿನ ದತ್ತಾಂಶ ಸಂಗ್ರಹಗಳಲ್ಲಿ ಪಿ-ಕೋಡ್ ಸಾಮಾನ್ಯ ಅಂಶವಾಗಿದೆ. ಇಷ್ಟರಮಟ್ಟಿಗೆ ಇದು ಮೆಚ್ಚಬೇಕಾದ ಕೆಲಸ.

ಒಂದೇ ಹಳ್ಳಿ, ಎರಡು ಸ್ಥಾನ

ಹೆಸರಿನ ತೊಡಕು ಬಿಡಿಸಿದ ಮೇಲೂ ಸ್ಥಾನದ ತೊಡಕು ಉಳಿಯುತ್ತದೆ. 1999ರಲ್ಲಿ ನಾಗರಿಕರು ಬಳಸುವ ಜಿಪಿಎಸ್ ಸಂಕೇತವನ್ನು ಅಮೆರಿಕ ಉದ್ದೇಶಪೂರ್ವಕವಾಗಿ ಕೆಡಿಸುತ್ತಿತ್ತು. ಈ ವ್ಯವಸ್ಥೆ ರದ್ದಾದದ್ದು 2000ದ ಮೇ ತಿಂಗಳ ಆರಂಭದಲ್ಲಿ. ಅಲ್ಲಿಯವರೆಗೆ ಕೈಯಲ್ಲಿ ಹಿಡಿಯುವ ಗ್ರಾಹಕ ತೋರಿಸುತ್ತಿದ್ದ ಸ್ಥಾನದಲ್ಲಿ ನೂರು ಮೀಟರ್‌ವರೆಗೆ ದೋಷವಿರುವುದು ಸಹಜವಾಗಿತ್ತು. ಒಂದೇ ಜಾಗದಲ್ಲಿ ಬಹಳ ಹೊತ್ತು ನಿಂತು ಸರಾಸರಿ ತೆಗೆದರೆ ಈ ದೋಷ ಕಡಿಮೆಯಾಗುತ್ತಿತ್ತು.

ಎರಡನೆಯ ದೋಷ ಸರಾಸರಿಗೆ ಬಗ್ಗುವಂಥದ್ದಲ್ಲ. ಭೂಮಿ ಪೂರ್ಣ ಗೋಳವಲ್ಲದ ಕಾರಣ ನಕ್ಷೆ ರಚಿಸುವವರು ಅದಕ್ಕೆ ಹೊಂದುವ, ಧ್ರುವಗಳಲ್ಲಿ ಚಪ್ಪಟೆಯಾದ ಗೋಳವೊಂದನ್ನು ಆರಿಸಿ, ಅದನ್ನು ತಮ್ಮ ಪ್ರದೇಶಕ್ಕೆ ಅನುಕೂಲವಾಗುವಂತೆ ಕೂರಿಸುತ್ತಾರೆ. ಈ ಏರ್ಪಾಟಿಗೆ ಡೇಟಮ್ ಎಂದು ಹೆಸರು. ಯುಗೊಸ್ಲಾವಿಯಾದ ಭೂಪಟಗಳು 1841ರ ಬೆಸೆಲ್ ಗೋಳವನ್ನೂ ವಿಯೆನ್ನಾ ಬಳಿಯ ಹರ್ಮನ್ಸ್‌ಕೋಗಲ್ ಬೆಟ್ಟದ ಮೂಲಬಿಂದುವನ್ನೂ ಆಧರಿಸಿದ್ದವು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್-84 ಎಂಬ ಬೇರೊಂದು ಡೇಟಮ್ ಅನ್ನು. ಬೆಸೆಲ್ ಗೋಳದ ಸಮಭಾಜಕ ತ್ರಿಜ್ಯ 6377.397 ಕಿ.ಮೀ.; ಡಬ್ಲ್ಯುಜಿಎಸ್-84ರದು 6378.137 ಕಿ.ಮೀ. ತ್ರಿಜ್ಯದ ಈ ವ್ಯತ್ಯಾಸಕ್ಕಿಂತ ಎರಡು ಗೋಳಗಳ ಕೇಂದ್ರಗಳು ಬೇರೆ ಬೇರೆ ಕಡೆ ಇರುವುದೇ ಮುಖ್ಯ ಕಾರಣವಾಗಿ, ಅದೇ ಅಕ್ಷಾಂಶ ರೇಖಾಂಶಗಳು ಎರಡು ನಕ್ಷೆಗಳಲ್ಲಿ ಬೇರೆ ಬೇರೆ ಸ್ಥಳವನ್ನು ಸೂಚಿಸುತ್ತವೆ. ಕೊಸೊವೊದಲ್ಲಿ ಈ ಅಂತರ ಲೆಕ್ಕಕ್ಕೆ ನಾನೂರು ಮೀಟರಿನ ಆಸುಪಾಸು ಬರುತ್ತದೆ.

ನಾನೂರು ಮೀಟರ್ ದೊಡ್ಡದೇ? ಬಯಲಿನಲ್ಲಿ ಅಲ್ಲ. ಹಳ್ಳಿಯ ಪಕ್ಕ ಹೊಳೆಯಿದ್ದರೆ ಹಳ್ಳಿ ಆಚೆ ದಡಕ್ಕೆ ಹೋಗುತ್ತದೆ. ಲಾರಿ ಸೇತುವೆಯಿಲ್ಲದ ದಡದಲ್ಲಿ ನಿಲ್ಲುತ್ತದೆ. ನೆಲಬಾಂಬಿನ ಹೊಲವಾದರೆ ನಾನೂರು ಮೀಟರ್ ಎಂದರೆ ಸಾವು ಬದುಕಿನ ಪ್ರಶ್ನೆ. ಇಲ್ಲಿ ಗಮನಿಸಬೇಕಾದ್ದು ಎರಡು ದೋಷಗಳ ಸ್ವರೂಪ. ಮೊದಲನೆಯದು ಬಹುಮಟ್ಟಿಗೆ ಯಾದೃಚ್ಛಿಕ, ಎರಡನೆಯದು ವ್ಯವಸ್ಥಿತ. ವ್ಯವಸ್ಥಿತ ದೋಷವನ್ನು ಸಾವಿರ ಬಾರಿ ಅಳೆದರೂ ಕಳೆಯಲಾಗದು. ಆದರೆ ಯಾವ ಡೇಟಮ್ ಎಂದು ನಮೂದಿಸಿದ್ದರೆ ಕೆಲವೇ ಕ್ಷಣಗಳಲ್ಲಿ ಗಣಿತದಿಂದ ಸರಿಪಡಿಸಬಹುದು. ಅಂಚಿನಲ್ಲಿ ಬರೆಯದೆ ಬಿಟ್ಟ ಒಂದು ಸಾಲೇ ಇಲ್ಲಿನ ನಿಜವಾದ ನಷ್ಟ.

ನಿಷ್ಕೃಷ್ಟ, ಆದರೆ ತಪ್ಪು

ಪಾಠದಲ್ಲಿ ಪ್ರಿಸಿಷನ್ ಎನ್ನುವ ನಿಷ್ಕೃಷ್ಟತೆ ಬೇರೆ, ಅಕ್ಯುರಸಿ ಎನ್ನುವ ನಿಖರತೆ ಬೇರೆ ಎಂದು ನಾವು ಕಲಿಸುತ್ತೇವೆ. ಅದೇ ಯುದ್ಧ ಇದಕ್ಕೆ ಒಂದು ದಾರುಣ ಉದಾಹರಣೆ ಒದಗಿಸಿತು. 1999ರ ಮೇ 7ರ ರಾತ್ರಿ ಅಮೆರಿಕದ ಬಿ-2 ವಿಮಾನ ಬೆಲ್‌ಗ್ರೇಡಿನಲ್ಲಿ ಐದು ಉಪಗ್ರಹ ನಿರ್ದೇಶಿತ ಬಾಂಬುಗಳನ್ನು ಹಾಕಿತು. ಗುರಿ ಯುಗೊಸ್ಲಾವಿಯಾದ ಶಸ್ತ್ರಾಸ್ತ್ರ ಖರೀದಿ ಸಂಸ್ಥೆಯ ಕಚೇರಿ ಎಂದು ತಿಳಿದಿದ್ದರು. ಬಾಂಬುಗಳು ಬಿದ್ದದ್ದು ಚೀನಾದ ರಾಯಭಾರ ಕಚೇರಿಯ ಮೇಲೆ. ಮೂವರು ಚೀನೀ ಪತ್ರಕರ್ತರು ಸತ್ತರು.

ಅದೇ ವರ್ಷದ ಜುಲೈನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯ ನಿರ್ದೇಶಕರಾಗಿದ್ದ ಜಾರ್ಜ್ ಟೆನೆಟ್ ಸಂಸತ್ ಸಮಿತಿಗೆ ನೀಡಿದ ವಿವರಣೆ ಹೀಗಿತ್ತು. ಕಚೇರಿಯ ಬೀದಿ ವಿಳಾಸ ಗೊತ್ತಿತ್ತು. ಅದರ ಸ್ಥಾನವನ್ನು ಬೇರೆ ಬೀದಿಗಳ ವಿಳಾಸ ಸಂಖ್ಯೆಗಳ ಆಧಾರದಲ್ಲಿ ಅಂದಾಜು ಮಾಡಲಾಯಿತು. ರಾಯಭಾರ ಕಚೇರಿ ಕೆಲವು ವರ್ಷಗಳ ಹಿಂದೆಯೇ ಹೊಸ ಜಾಗಕ್ಕೆ ಬಂದಿತ್ತು, ಆದರೆ ಗುರಿಗಳನ್ನು ಪರಿಶೀಲಿಸುವ ದತ್ತಾಂಶ ಸಂಗ್ರಹಗಳು ಅದನ್ನು ಹಳೆಯ ಜಾಗದಲ್ಲೇ ತೋರಿಸುತ್ತಿದ್ದವು. ಚೀನಾ ಈ ವಿವರಣೆಯನ್ನು ಒಪ್ಪಲಿಲ್ಲ. ರಾಜಕೀಯದ ವಾದ ಏನೇ ಇರಲಿ, ಈ ವಿವರಣೆಯಂತೆಯೇ ನೋಡಿದರೂ ಅಳತೆಯ ಪಾಠ ಸ್ಪಷ್ಟ. ಬಾಂಬು ಕೊಟ್ಟ ಅಂಕಿಗಳಿಗೆ ಕೆಲವೇ ಮೀಟರ್‌ಗಳೊಳಗೆ ಬಿದ್ದಿತು. ಅಂಕಿಗಳೇ ಕೆಲವು ನೂರು ಮೀಟರ್ ತಪ್ಪಿದ್ದವು. ಹೆಸರಿನಿಂದ ಬಿಂದುವಿಗೆ ಹೋಗುವ ಹೆಜ್ಜೆಯಲ್ಲಿ ನುಸುಳಿದ ದೋಷವನ್ನು ಉಪಗ್ರಹವಾಗಲಿ ಬಾಂಬಿನ ಉಪಕರಣವಾಗಲಿ ಪತ್ತೆಹಚ್ಚಲಾರವು.

ಇದಕ್ಕೆ ತದ್ವಿರುದ್ಧವಾದ ಪ್ರಕರಣ ಅಫಘಾನಿಸ್ತಾನದ ಕುಂದುಜ್‌ನದು. ಅಲ್ಲಿ ಎಂ.ಎಸ್.ಎಫ್. ವೈದ್ಯ ಸಂಸ್ಥೆ ನಡೆಸುತ್ತಿದ್ದ ಆಸ್ಪತ್ರೆಯ ಅಕ್ಷಾಂಶ ರೇಖಾಂಶಗಳನ್ನು ಎಲ್ಲ ಪಕ್ಷಗಳಿಗೂ ಮೊದಲೇ ತಿಳಿಸಲಾಗಿತ್ತು. ದಾಳಿ ಮಾಡಬಾರದ ತಾಣಗಳ ಪಟ್ಟಿಯಲ್ಲೂ ಅದಿತ್ತು. ಆದರೂ 2015ರ ಅಕ್ಟೋಬರ್ 3ರಂದು ಅಮೆರಿಕದ ಯುದ್ಧವಿಮಾನ ಅದರ ಮೇಲೆ ಗುಂಡಿನ ಮಳೆಗರೆಯಿತು; 42 ಜನ ಸತ್ತರು. 2016ರ ಏಪ್ರಿಲ್‌ನಲ್ಲಿ ಪ್ರಕಟವಾದ ಸೇನಾ ತನಿಖೆಯ ಪ್ರಕಾರ, ಗುರಿಗೆಂದು ಕೊಟ್ಟ ಅಂಕಿಗಳನ್ನು ವಿಮಾನದ ಉಪಕರಣ ಸುಮಾರು 300 ಮೀಟರ್ ಆಚೆಯ ಖಾಲಿ ಬಯಲಿಗೆ ತೋರಿಸಿತು. ಆಗ ಸಿಬ್ಬಂದಿ ಬಾಯಿಮಾತಿನ ವರ್ಣನೆಗೆ ಹೊಂದುವ ಹತ್ತಿರದ ದೊಡ್ಡ ಕಟ್ಟಡವನ್ನು ಕಣ್ಣಂದಾಜಿನಲ್ಲಿ ಆರಿಸಿದರು. ನಿಷೇಧಿತ ತಾಣಗಳ ಪಟ್ಟಿ ವಿಮಾನದಲ್ಲಿ ಇರಲಿಲ್ಲ. ಇಲ್ಲಿ ಸರಿಯಾದ ಅಳತೆಯೇನೋ ಇತ್ತು. ಅದು ಬೇಕಾದ ಕೈಗೆ ಬೇಕಾದ ಹೊತ್ತಿನಲ್ಲಿ ತಲುಪಲಿಲ್ಲ. ಮಾಹಿತಿ ನಿರ್ವಹಣೆ ಎಂಬ ಮಾತಿನ ಅರ್ಥ ಇದೇ: ಅಳೆಯುವುದರ ಜೊತೆಗೆ ಅಳತೆಯನ್ನು ಕೊನೆಯ ಬಳಕೆದಾರನಿಗೆ ತಲುಪಿಸುವುದು.

ಖಾಲಿ ಜಾಗ ಸೊನ್ನೆಯಲ್ಲ

ಮತ್ತೆ ಕೊಸೊವೊಗೆ ಬರೋಣ. ನ್ಯಾಟೋ ಅಲ್ಲಿ ಹಾಕಿದ ಗೊಂಚಲು ಬಾಂಬುಗಳ ಪಟ್ಟಿಯನ್ನು ವಿಶ್ವಸಂಸ್ಥೆಯ ನೆಲಬಾಂಬು ನಿವಾರಣಾ ಕೇಂದ್ರಕ್ಕೆ ಕೊಟ್ಟಿತು: ಮುನ್ನೂರಕ್ಕೂ ಹೆಚ್ಚು ತಾಣಗಳು, ಸುಮಾರು 1400 ಬಾಂಬುಗಳು, ಅವುಗಳೊಳಗೆ ಸುಮಾರು 2.9 ಲಕ್ಷ ಮರಿಬಾಂಬುಗಳು. ಇವುಗಳಲ್ಲಿ ಒಂದಷ್ಟು ಪಾಲು ಸಿಡಿಯದೆ ಹೊಲಗಳಲ್ಲಿ ಉಳಿದಿತ್ತು. ಆದರೆ ಪಟ್ಟಿಯಲ್ಲಿದ್ದ ಸ್ಥಾನಗಳು ಗುರಿಯಿಟ್ಟ ಬಿಂದುಗಳು. ಮರಿಬಾಂಬುಗಳು ಬಿದ್ದದ್ದು ಗಾಳಿ, ಎತ್ತರ ಮತ್ತು ವೇಗಗಳನ್ನು ಅವಲಂಬಿಸಿ ಹರಡಿದ ಜಾಗದಲ್ಲಿ. ಹಲವೆಡೆ ಪಟ್ಟಿಗೂ ನೆಲಕ್ಕೂ ತಾಳೆಯಾಗಲಿಲ್ಲ.

ಇಂಥ ಪಟ್ಟಿಯನ್ನು ನಕ್ಷೆಯ ಮೇಲೆ ಕೆಂಪು ಚುಕ್ಕೆಗಳಾಗಿ ಹಾಕಿದರೆ ಏನಾಗುತ್ತದೆ? ಓದುವವರು ಚುಕ್ಕೆಯಿರುವಲ್ಲಿ ಅಪಾಯ, ಚುಕ್ಕೆಯಿಲ್ಲದಲ್ಲಿ ಕ್ಷೇಮ ಎಂದು ಭಾವಿಸುತ್ತಾರೆ. ಚುಕ್ಕೆಯಿಲ್ಲದಿರಲು ಎರಡು ಕಾರಣಗಳಿರಬಹುದು: ಹುಡುಕಿ ನೋಡಿದಾಗ ಏನೂ ಸಿಗಲಿಲ್ಲ, ಅಥವಾ ಯಾರೂ ಹುಡುಕಿಯೇ ಇಲ್ಲ. ಮೊದಲನೆಯದು ಸೊನ್ನೆ ಎಂಬ ಅಳತೆ. ಎರಡನೆಯದು ಅಳತೆಯೇ ಇಲ್ಲದ ಸ್ಥಿತಿ. ವೋಲ್ಟ್‌ಮೀಟರ್ ಸೊನ್ನೆ ತೋರಿಸುವುದೂ ವೋಲ್ಟ್‌ಮೀಟರನ್ನು ಜೋಡಿಸದಿರುವುದೂ ಒಂದೇ ಅಲ್ಲ ಎಂಬುದು ಪ್ರೌಢಶಾಲೆಯ ವಿದ್ಯಾರ್ಥಿಗೂ ಗೊತ್ತು. ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಿಳಿ ಬಣ್ಣ ಬಳಿದರೆ ಈ ಭೇದ ಅಳಿಸಿಹೋಗುತ್ತದೆ.

ಹಾನಿಯ ನಕ್ಷೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ತಂಡಗಳು ಮೊದಲು ಹೋಗುವುದು ರಸ್ತೆ ಚೆನ್ನಾಗಿರುವ ಹಳ್ಳಿಗಳಿಗೆ. ಹೆಚ್ಚು ಸಂಕಟದಲ್ಲಿರುವುದು ಸಾಮಾನ್ಯವಾಗಿ ದಾರಿ ಕಡಿದುಹೋದ ಹಳ್ಳಿಗಳು. ಅವು ನಕ್ಷೆಯಲ್ಲಿ ಬಿಳಿಯಾಗಿ, ಅಂದರೆ ಹಾನಿಯಿಲ್ಲದಂತೆ ಕಂಡರೆ, ನಕ್ಷೆ ನೆರವನ್ನು ತಪ್ಪು ದಿಕ್ಕಿಗೆ ಕಳಿಸುತ್ತದೆ.

ರಸ್ತೆಯ ಸ್ಥಿತಿಗೆ ಆಯುಷ್ಯವಿದೆ

ಇಲ್ಲಿಯವರೆಗೆ ಸ್ಥಾನದ ವಿಚಾರವಾಯಿತು. ಕಾಲದ ವಿಚಾರಕ್ಕೆ ಎರಡನೆಯ ಉದಾಹರಣೆ ದಕ್ಷಿಣ ಸುಡಾನ್. 2011ರ ಜುಲೈ 9ರಂದು ಸ್ವತಂತ್ರವಾದ ಈ ದೇಶದಲ್ಲಿ 2013ರ ಡಿಸೆಂಬರ್‌ನಲ್ಲಿ ಅಂತರ್ಯುದ್ಧ ಆರಂಭವಾಯಿತು. 2018ರ ಸೆಪ್ಟೆಂಬರ್‌ನಲ್ಲಿ ಶಾಂತಿ ಒಪ್ಪಂದವಾದರೂ ಚಕಮಕಿಗಳು ಪೂರ್ತಿ ನಿಲ್ಲಲಿಲ್ಲ. ವಿಸ್ತೀರ್ಣ ಆರು ಲಕ್ಷ ಚದರ ಕಿ.ಮೀ.ಗೂ ಹೆಚ್ಚು. ರಾಜಧಾನಿ ಜುಬಾದಿಂದ ಉಗಾಂಡಾ ಗಡಿಯ ನಿಮುಲೆವರೆಗಿನ 192 ಕಿ.ಮೀ. ಹೆದ್ದಾರಿಗೆ ಡಾಂಬರು ಬಿದ್ದದ್ದು 2012ರಲ್ಲಿ. ದೇಶದ ಮೊದಲ ಡಾಂಬರು ಹೆದ್ದಾರಿ ಅದು. ಉಳಿದದ್ದು ಬಹುಪಾಲು ಮಣ್ಣಿನ ರಸ್ತೆ. ಮಣ್ಣು ಅನೇಕ ಕಡೆ ನಮ್ಮ ವಿಜಯಪುರ, ರಾಯಚೂರು ಸೀಮೆಯ ಎರೆಮಣ್ಣಿನ ಜಾತಿಯದೇ. ನೀರು ಹೀರಿ ಉಬ್ಬುವ ಜೇಡಿಯ ಕಣಗಳಿಂದಾಗಿ ಮಳೆ ಬಿದ್ದ ಮೇಲೆ ಚಕ್ರ ಹೂತುಹೋಗುತ್ತದೆ, ಒಣಗಿದಾಗ ಕಲ್ಲಿನಂತಾಗಿ ಬಿರುಕು ಬಿಡುತ್ತದೆ. ಎರೆಹೊಲದ ದಾರಿಯಲ್ಲಿ ಗಾಡಿ ಹೊಡೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಮಳೆಗಾಲದಲ್ಲಿ ದೇಶದ ದೊಡ್ಡ ಭಾಗಕ್ಕೆ ಲಾರಿ ಹೋಗಲಾರದು. ಆದ್ದರಿಂದ ವಿಶ್ವ ಆಹಾರ ಕಾರ್ಯಕ್ರಮ ಬೇಸಿಗೆಯಲ್ಲೇ ಧಾನ್ಯವನ್ನು ಒಳನಾಡಿನ ಗೋದಾಮುಗಳಿಗೆ ಸಾಗಿಸಿಡುತ್ತದೆ. ತಪ್ಪಿದರೆ ವಿಮಾನದಿಂದ ಉದುರಿಸಬೇಕು. ಅದರ ಖರ್ಚು ರಸ್ತೆ ಸಾಗಣೆಯ ಹಲವು ಪಟ್ಟು. ಹೀಗಾಗಿ ಯಾವ ರಸ್ತೆ ಯಾವಾಗ ತೆರೆದಿರುತ್ತದೆ ಎಂಬ ಮಾಹಿತಿಗೆ ನೇರ ಬೆಲೆಯಿದೆ. ಆ ಕಾರ್ಯಕ್ರಮದ ನೇತೃತ್ವದಲ್ಲಿ ಹಲವು ಸಂಸ್ಥೆಗಳು ಸೇರಿರುವ ಲಾಜಿಸ್ಟಿಕ್ಸ್ ಕ್ಲಸ್ಟರ್ ಇದಕ್ಕಾಗಿ ರಸ್ತೆಗಳ ಸ್ಥಿತಿಯನ್ನು ಬಣ್ಣಗಳಲ್ಲಿ ತೋರಿಸುವ ನಕ್ಷೆಗಳನ್ನು ಆಗಾಗ ಪರಿಷ್ಕರಿಸಿ ಹೊರತರುತ್ತ ಬಂದಿದೆ. ಈ ನಕ್ಷೆಗಳ ಮೇಲೆ ದಿನಾಂಕವಿರುತ್ತದೆ. ಇದು ದೊಡ್ಡ ಗುಣ.

ಆದರೆ ನಕ್ಷೆ ಅಚ್ಚಾದ ದಿನಾಂಕ ಬೇರೆ, ಆ ರಸ್ತೆಯನ್ನು ಯಾರಾದರೂ ಕಣ್ಣಾರೆ ಕಂಡ ದಿನಾಂಕ ಬೇರೆ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ತೆರೆದಿದೆ ಎಂದು ವರದಿಯಾದ ರಸ್ತೆ ಮರುದಿನವೂ ತೆರೆದಿರುವ ಸಂಭವನೀಯತೆ 0.9 ಎಂದು ಊಹಿಸಿಕೊಳ್ಳಿ. ಏಳು ದಿನ ಹಳೆಯ ವರದಿ ಇನ್ನೂ ನಿಜವಾಗಿರುವ ಸಂಭವನೀಯತೆ 0.9ರ ಏಳನೆಯ ಘಾತ, ಅಂದರೆ 0.48. ನಾಣ್ಯ ಚಿಮ್ಮಿ ತೀರ್ಮಾನಿಸುವುದಕ್ಕಿಂತ ಉತ್ತಮವಲ್ಲ. ವಿಕಿರಣಶೀಲ ವಸ್ತುವಿಗೆ ಇರುವಂತೆ ಈ ವರದಿಗೂ ಒಂದು ಅರ್ಧಾಯುಷ್ಯ ಇದೆಯೆನ್ನಬಹುದು.

ಇನ್ನೊಂದು ಲೆಕ್ಕ. ಒಂದು ಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಐದು ತುಂಡುಗಳಿವೆ. ಪ್ರತಿಯೊಂದೂ ಇವತ್ತು ತೆರೆದಿರುವ ಸಂಭವನೀಯತೆ 0.9, ಐದಕ್ಕೂ ಹಸಿರು ಬಣ್ಣ. ತುಂಡುಗಳು ಪರಸ್ಪರ ಸ್ವತಂತ್ರವಾದರೆ ಲಾರಿ ತಲುಪುವ ಸಂಭವನೀಯತೆ 0.9ರ ಐದನೆಯ ಘಾತ, 0.59 ಮಾತ್ರ. ಕಣ್ಣಿಗೆ ದಾರಿಯೆಲ್ಲ ಹಸಿರು. ನಿಜದಲ್ಲಿ ಐದು ಲಾರಿಗಳಲ್ಲಿ ಎರಡು ನಡುದಾರಿಯಲ್ಲಿ ನಿಲ್ಲಬಹುದು. ವಾಸ್ತವದಲ್ಲಿ ತುಂಡುಗಳು ಸ್ವತಂತ್ರವಲ್ಲ, ಒಂದೇ ಮಳೆ ಎಲ್ಲವನ್ನೂ ಒಟ್ಟಿಗೆ ಕೆಡಿಸುತ್ತದೆ. ಆಗ ಲೆಕ್ಕ ಬದಲಾಗುತ್ತದೆ. ಇಲ್ಲಿನ 0.9 ಊಹೆಯ ಸಂಖ್ಯೆ. ನಿಜವಾದ ಸಂಖ್ಯೆ ಏನೆಂದು ಕೇಳುವ ಅಭ್ಯಾಸ ಮುಖ್ಯ. ಹಳೆಯ ವರದಿಗಳನ್ನು ಎಸೆಯದೆ ಉಳಿಸಿದರೆ ಪ್ರತಿ ರಸ್ತೆಗೂ ಪ್ರತಿ ತಿಂಗಳಿಗೂ ಈ ಸಂಖ್ಯೆಯನ್ನು ಅಂದಾಜು ಮಾಡಬಹುದು.

ಉಪಗ್ರಹ ಚಿತ್ರದಿಂದ ಮನೆಗಳನ್ನು ಗುರುತಿಸುವ ಕೆಲಸಕ್ಕೂ ಕಾಲದ ಪ್ರಶ್ನೆ ತಪ್ಪಿದ್ದಲ್ಲ. 2010ರಲ್ಲಿ ಸ್ಥಾಪನೆಯಾದ ಹ್ಯುಮಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ತಂಡದಂತಹ ಸ್ವಯಂಸೇವಕರ ಸಂಘಟನೆಗಳು ಮೊದಲು ಖಾಲಿಯಿದ್ದ ನಕ್ಷೆಗಳ ಮೇಲೆ ಲಕ್ಷಾಂತರ ಕಟ್ಟಡಗಳನ್ನು ಗುರುತಿಸಿವೆ. ಆದರೆ ಉಪಗ್ರಹ ಕಾಣುವುದು ಚಾವಣಿಯನ್ನು, ಜನರನ್ನಲ್ಲ. ಊರು ಬಿಟ್ಟುಹೋದವರ ಗುಡಿಸಲೂ ಚಿತ್ರದಲ್ಲಿ ಗುಡಿಸಲೇ. ಚಿತ್ರ ತೆಗೆದ ದಿನಾಂಕ ಗೊತ್ತಿಲ್ಲದಿದ್ದರೆ ಚಾವಣಿಗಳನ್ನು ಎಣಿಸಿ ಧಾನ್ಯದ ಮೂಟೆ ಲೆಕ್ಕ ಹಾಕುವುದು ಅಪಾಯಕರ.

ಆಕ್ಷೇಪಗಳು

ಈ ಟೀಕೆಗೆ ಕ್ಷೇತ್ರದಲ್ಲಿ ದುಡಿಯುವವರು ಒಂದು ನ್ಯಾಯವಾದ ಆಕ್ಷೇಪ ಎತ್ತಬಹುದು. ಲಾರಿ ಹೊರಡಬೇಕೇ ಬೇಡವೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಬೇಕು. ಚಾಲಕನ ಕೈಗೆ ಸಂಭವನೀಯತೆಯ ಅಂಕಿ ಕೊಟ್ಟು ಏನು ಪ್ರಯೋಜನ? ಹಸಿದ ಊರು ದೋಷಮಿತಿಗಾಗಿ ಕಾಯುವುದಿಲ್ಲ.

ಮಾತು ಸರಿ. ಆದರೆ ಅನಿಶ್ಚಿತತೆಯನ್ನು ನಾವು ನಮೂದಿಸದಿದ್ದರೆ ಅದು ಮಾಯವಾಗುವುದಿಲ್ಲ. ಚಾಲಕನ ತಲೆಯ ಮೇಲೆ ಬೀಳುತ್ತದೆ. ಸಮುದ್ರಯಾನದ ನಕ್ಷೆಗಳಲ್ಲಿ ಯಾವ ಭಾಗದ ಆಳವನ್ನು ಯಾವ ವರ್ಷ, ಯಾವ ವಿಧಾನದಿಂದ ಅಳೆದದ್ದು ಎಂದು ತೋರಿಸುವ ಪದ್ಧತಿ ಇದೆ. ವಿದ್ಯುನ್ಮಾನ ನಕ್ಷೆಗಳಲ್ಲಿ ಪ್ರತಿ ವಲಯಕ್ಕೂ ನಂಬಿಕೆಯ ದರ್ಜೆಯನ್ನೇ ಕೊಡುತ್ತಾರೆ. ಬದಲಾವಣೆಗಳನ್ನು ನಾವಿಕರಿಗೆ ಸೂಚನೆ ಎಂಬ ಪ್ರಕಟಣೆಯಲ್ಲಿ ನಿಯತವಾಗಿ ತಿಳಿಸುತ್ತಾರೆ. ನಮ್ಮ ದೇಶದಲ್ಲಿ ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ ಈ ಕೆಲಸ ಮಾಡುತ್ತದೆ. ನಾವಿಕನೂ ತುರ್ತಿನಲ್ಲೇ ಇರುತ್ತಾನೆ, ಅವನಿಗೂ ಬೇಕಾದ್ದು ಹೌದು ಅಥವಾ ಇಲ್ಲ. ಆದರೂ ಅವನ ನಕ್ಷೆ ತನ್ನ ಅಜ್ಞಾನವನ್ನು ಮುಚ್ಚಿಡುವುದಿಲ್ಲ. ನೆಲದ ಮೇಲಿನ ನೆರವಿನ ನಕ್ಷೆಗೆ ಇದು ಅಸಾಧ್ಯವೇನಲ್ಲ.

ಪಿ-ಕೋಡ್ ಇದ್ದರೆ ಸಾಕು ಎಂಬ ಭಾವನೆಯನ್ನೂ ಒಪ್ಪಲಾಗದು. ಸಂಕೇತ ಹೆಸರಿನ ಗೊಂದಲ ಕಳೆಯುತ್ತದೆಯೇ ಹೊರತು ಸಂಖ್ಯೆಯ ಸತ್ಯಾಸತ್ಯವನ್ನು ಹೇಳುವುದಿಲ್ಲ. ಯುದ್ಧಾನಂತರ ಎದ್ದ ಹೊಸ ಶಿಬಿರಕ್ಕೆ ಹಳೆಯ ಪಟ್ಟಿಯಲ್ಲಿ ಸಂಕೇತವೇ ಇರುವುದಿಲ್ಲ. ನೆರವು ಹೆಚ್ಚು ಬೇಕಾದ್ದು ಅಲ್ಲಿಗೇ.

ಆದ್ದರಿಂದ ನೆರವಿನ ನಕ್ಷೆಯಿಂದ ಕನಿಷ್ಠ ನಾಲ್ಕನ್ನು ನಿರೀಕ್ಷಿಸಬಹುದು: ಡೇಟಮ್ ಮತ್ತು ಸ್ಥಾನದ ದೋಷಮಿತಿ, ಪ್ರತಿ ಅಂಶವನ್ನು ಕೊನೆಯ ಬಾರಿ ಕಂಡ ದಿನಾಂಕ, ಕಂಡವರು ಯಾರು, ಹೇಗೆ ಎಂಬ ವಿವರ, ನೋಡಿ ಏನೂ ಇಲ್ಲವೆಂದು ತಿಳಿದ ಜಾಗಕ್ಕೂ ಯಾರೂ ನೋಡದ ಜಾಗಕ್ಕೂ ಬೇರೆ ಬೇರೆ ಗುರುತು. ಇವುಗಳಲ್ಲಿ ಯಾವುದಕ್ಕೂ ಹೊಸ ಉಪಗ್ರಹ ಬೇಕಿಲ್ಲ.

ತರಗತಿಯಲ್ಲಿ ಏನು ಮಾಡಬಹುದು?

ಅಧ್ಯಾಪಕರಿಗೆ ಇದು ಒಳ್ಳೆಯ ಪ್ರಾಯೋಗಿಕ ವಿಷಯ. ಭಾರತೀಯ ಸರ್ವೇಕ್ಷಣಾಲಯದ ಹಳೆಯ ಭೂಪಟಗಳು 1830ರ ಎವರೆಸ್ಟ್ ಗೋಳವನ್ನು ಆಧರಿಸಿದವು. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರದ ಮುಕ್ತ ಸರಣಿಯವು ಡಬ್ಲ್ಯುಜಿಎಸ್-84 ಅನ್ನು. ಹಳೆಯ ಭೂಪಟದಿಂದ ತಮ್ಮ ಊರಿನ ದೇವಸ್ಥಾನದ ಅಕ್ಷಾಂಶ ರೇಖಾಂಶಗಳನ್ನು ಓದಿ, ಮೊಬೈಲ್ ತೋರಿಸುವುದರೊಂದಿಗೆ ವಿದ್ಯಾರ್ಥಿಗಳು ಹೋಲಿಸಲಿ. ಕರ್ನಾಟಕದಲ್ಲಿ ನೂರು ಮೀಟರಿಗೂ ಮಿಕ್ಕಿದ ಅಂತರ ಕಾಣಬೇಕು. ಹತ್ತು ಬಾರಿ ಅಳೆದರೂ ಆ ಅಂತರ ಏಕೆ ಕರಗುವುದಿಲ್ಲ ಎಂದು ಅವರೇ ವಿವರಿಸಲಿ.

ಅನಂತರ ಊರ ಸುತ್ತಲಿನ ರಸ್ತೆಗಳ ನಕ್ಷೆ ಬರೆಯಿಸಿ, ಪ್ರತಿ ತುಂಡಿನ ಪಕ್ಕದಲ್ಲಿ ಅದನ್ನು ಯಾರು, ಯಾವ ದಿನ ನೋಡಿದರು ಎಂದು ಬರೆಯಲು ಹೇಳಬೇಕು. ಒಂದು ಮಳೆಯಾದ ಮೇಲೆ ಮತ್ತೆ ನೋಡಿ ಬರಲಿ. ಎಷ್ಟು ಗೆರೆಗಳ ಬಣ್ಣ ಬದಲಿಸಬೇಕಾಯಿತು ಎಂದು ಎಣಿಸಿದರೆ 0.9 ಎಂಬ ಊಹೆಯ ಜಾಗದಲ್ಲಿ ಅವರದೇ ಊರಿನ ಅಳತೆಯೊಂದು ಸಿಗುತ್ತದೆ.